ಗೋಡೆಗೆ ಒರಗದವಳು

ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಜೂನ್ ತಿಂಗಳ ವಾಸ್ಕೋದಲ್ಲಿ ಬಟ್ಟೆ ಒಣಗುವುದಿಲ್ಲ; ಕೂಸಿನ ತೊಡೆಯ ಸಂದಿಯೆಲ್ಲ ಕೆಂಪಾಗಿತ್ತು. ಔಷಧಿ ಅಂಗಡಿಯಾತ ಬಿಳಿ ಪುಡಿಯ ಪೊಟ್ಟಣ ಕೊಟ್ಟು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿರಿ ಎಂದ. ಅಂಗೈಯಲ್ಲಿ ಹಾಕಿಕೊಂಡು ಉಂಗುರ ಬೆರಳಿನಿಂದ ತಿರುವುತ್ತಿದ್ದೆ, ಕೈ ತಾನಾಗಿ ನಿಂತಿತು. ಬರೀ ಎಣ್ಣೆಯದಲ್ಲದ, ಬರೀ ಪುಡಿಯದೂ ಅಲ್ಲದ, ಎರಡೂ ಕೂಡಿದಾಗ ಮಾತ್ರ ಬರುವ ವಾಸನೆ. ನಾಟಕದವರು ಈ ಪುಡಿಗೆ ಸಫೇತ ಅನ್ನುತ್ತಾರೆ. ಅದನ್ನು ನನಗೆ ಹೇಳಿದವಳು ತುಂಗಾ ಆಯಿ. ಅವಳು ಹೇಳಿದ್ದರಲ್ಲಿ ನಾನು ನಂಬಿದ್ದು ಅದೊಂದನ್ನೇ ಇರಬೇಕು.

ಹದಿನಾರು ವರ್ಷದ ಹಿಂದಿನ ಮಳೆಗಾಲ. ಆಗ ನಾವು ಬಂದರಿನ ಹಿಂದಿನ ಓಣಿಯಲ್ಲಿ, ಫಿಲೋಮಿನಾ ಬಾಯಿಯ ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಬಂದರಿನ ಕಚೇರಿಯಲ್ಲಿ ಕಾರಕೂನ. ಮಗಳು ಒಂಬತ್ತನೆಯ ಇಯತ್ತೆ. ಕೆಳಗಿನ ಪಕ್ಕದ ಕೋಣೆ ಖಾಲಿ ಇತ್ತು. ಜೂನ್ ಮೊದಲ ವಾರ, ಸಾಂಖಳಿಯಿಂದ ಒಂದು ಟೆಂಪೋ ಬಂದು ಕಬ್ಬಿಣದ ಟ್ರಂಕು, ಹಾಸಿಗೆಯ ಸುರುಳಿ, ಒಬ್ಬ ಮುದುಕಿ ಮೂರನ್ನೂ ಇಳಿಸಿಹೋಯಿತು. ಅಲ್ಲಿ ಅವಳು ತಂಗಿಯ ಮಗಳ ಮನೆಯಲ್ಲಿದ್ದವಳು. ಆ ಮನೆಯ ಮಾಡು ಕುಸಿದು, ರಿಪೇರಿ ಮುಗಿಯುವವರೆಗೆ, ಅಂದರೆ ದಸರೆಯ ತನಕ, ಇಲ್ಲಿ ಇರಬೇಕೆಂದು ಮಾತಾಗಿತ್ತು. ಗದಗಿನ ಕಡೆಯವಳು, ಎಂಬತ್ತನಾಲ್ಕು ವರ್ಷ ಎಂದಳು. ಎಲ್ಲರೂ ಆಯಿ ಎಂದೇ ಕರೆದೆವು.

ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ನನಗೆ ಜಗಳ ಬರುವುದಿಲ್ಲ, ಅನುಮಾನ ಬರುತ್ತದೆ. ಧಾರವಾಡದ ಕಾನ್ವೆಂಟಿನಲ್ಲಿ ಹೆಡ್ ಸಿಸ್ಟರ್ ಎರಡು ಮಾತು ಕಲಿಸಿದ್ದರು: ಸಹಿ ಹಾಕುವ ಮುಂಚೆ ಎರಡು ಸಲ ಓದು, ದೊಡ್ಡವರಿಗೆ ಎದುರು ಪ್ರಶ್ನೆ ಹಾಕಬೇಡ. ಎರಡನ್ನೂ ಪಾಲಿಸುವ ಹುಡುಗಿ ಏನಾಗುತ್ತಾಳೆ? ಮುಗುಳ್ನಗುತ್ತ, ಚಹಾ ಕೊಡುತ್ತ, ಒಳಗೊಳಗೇ ಲೆಕ್ಕ ಹಾಕುವ ಹೆಂಗಸಾಗುತ್ತಾಳೆ.

ಆಯಿ ಎರಡನೆಯ ದಿನವೇ ಮೆಟ್ಟಿಲ ಬುಡದಲ್ಲಿ ನಿಂತು ಕರೆದಳು.

"ಬಾಯಾರ, ನಿಮಗ ಪಿಕ್ಚರ್ ಹುಚ್ಚು ಐತೇನ್ರಿ?"

"ಇಲ್ಲ ಆಯಿ. ಯಾಕ್ರಿ?"

"ನಾ ಪಿಕ್ಚರ್‌ನ್ಯಾಗ ಇದ್ದಾಕಿ. ಹತ್ತೊಂಬತ್ತಕ್ಕ ಕೊಲ್ಹಾಪುರಕ್ಕ ಹೋಗಿ ಬಣ್ಣಾ ಹಚ್ಚೀನಿ."

ದನಿ ದಪ್ಪ, ದವಡೆ ಅಗಲ. ನಾಯಕಿಯ ಮುಖವಂತೂ ಅಲ್ಲ. ನಾನು "ಹೌದೇನ್ರಿ, ಛಲೋ ಆತು" ಎಂದು ನಕ್ಕು ಮೇಲೆ ಬಂದೆ.

ಅಂದಿನಿಂದ ಕಣ್ಣು ಇಟ್ಟೆ. ಮೊದಲು ಕಂಡದ್ದು ಅವಳ ನಡಿಗೆ. ಜನ ಎದುರಿಗಿದ್ದಾಗ ಬೆನ್ನು ಬಾಗಿಸಿ, ಒಂದು ಕಾಲು ಎಳೆಯುತ್ತ, ಗೋಡೆಗುಂಟ ಬರುತ್ತಿದ್ದಳು. ಗೋಡೆ ಹಿಡಿಯುವುದಾದರೂ ಎಂಥದು! ಮುದುಕರು ಗೋಡೆಗೆ ಅಂಗೈ ಊರಿ ಮೈಭಾರ ಬಿಡುತ್ತಾರೆ. ಇವಳು ಬೆರಳುಗಳ ಹಿಂಬದಿಯನ್ನು ಮಾತ್ರ ತಾಗಿಸಿ, ಕೂಸಿನ ಕೆನ್ನೆ ಸವರಿದಂತೆ ಗೋಡೆ ಸವರುತ್ತ ಬರುತ್ತಿದ್ದಳು. ಕೂತಾಗಲೂ ಅಷ್ಟೇ, ಗೋಡೆಗೂ ಬೆನ್ನಿಗೂ ನಡುವೆ ನಾಲ್ಕು ಬೆರಳು ಅಂತರ. ಒಂದು ಮಧ್ಯಾಹ್ನ ಮಾತ್ರ ಮಳೆ ಒಮ್ಮೆಲೇ ಸುರಿದಾಗ, ಕಿಟಕಿಯಲ್ಲಿ ನಾನಿರುವುದು ತಿಳಿಯದೆ, ಹಿತ್ತಲ ಹಗ್ಗದ ಮೇಲಿನ ಸೀರೆಗಳನ್ನು ಎಳೆದುಕೊಂಡು ನೆಟ್ಟಗೆ ದಡದಡ ಓಡಿದಳು. ಕಾಲು ಎಳೆಯಲಿಲ್ಲ, ಬೆನ್ನು ಬಾಗಲಿಲ್ಲ. ಫಿಲೋಮಿನಾ ಬಾಯಿ ಬಾಗಿಲಿಗೆ ಬಂದದ್ದೇ ತಡ, ಬೆನ್ನು ಮತ್ತೆ ಬಾಗಿತು.

ಆಮೇಲೆ ಕೂದಲು. ಎದುರಿಗೆ ಹಾಲಿನಂತೆ ಬಿಳಿ. ತಲೆ ತೊಳೆದ ದಿನ ನೋಡಿದರೆ ಹಿಂಗತ್ತಿನ ಮೇಲೆ ಕಪ್ಪು, ಕಪ್ಪೆಂದರೆ ನನ್ನ ಕೂದಲಿಗಿಂತ ಕಪ್ಪು. ಸಂಜೆಗೆ ಮತ್ತೆ ಬೆಳ್ಳಗೆ. ಜಗತ್ತಿನಲ್ಲಿ ಎಲ್ಲರೂ ಬಿಳಿಗೂದಲಿಗೆ ಕಪ್ಪು ಬಳಿಯುತ್ತಾರೆ, ಕಪ್ಪಿಗೆ ಬಿಳಿ ಬಳಿಯುವವರು ಯಾರು? ಅವಳ ಟ್ರಂಕಿನ ಮೇಲೆ ಒಂದು ತಗಡಿನ ಡಬ್ಬಿ, ಒಳಗೆ ಬಿಳಿ ಪುಡಿ. "ಸಫೇತ ಅದು, ನಾಟಕದ ಬಣ್ಣ" ಎಂದು ಡಬ್ಬಿ ನನ್ನ ಮೂಗಿನ ಹತ್ತಿರ ಹಿಡಿದಳು.

ಮಕ್ಕಳ ಮಾತೂ ಹಾಗೇ. ನನಗೆ "ಲಗ್ನಾನ ಆಗಿಲ್ಲ ನಂದು" ಎಂದಿದ್ದಳು. ಫಿಲೋಮಿನಾ ಬಾಯಿ ಒಂದು ದಿನ ಮೀನು ತೊಳೆಯುತ್ತ ನನ್ನನ್ನು ಕರೆದು ಪಿಸುಗುಟ್ಟಿದರು. ಅವರದು ಅರ್ಧ ಕೊಂಕಣಿ, ಅರ್ಧ ನನ್ನಿಂದ ಕಲಿತ ಕನ್ನಡ.

"ಶೈಲಾ, ತುಜಿ ಮ್ಹಾತಾರಿ, ಆ ಮುದುಕಿಗೆ, ಒಂಬತ್ತು ಮಗ ಅಂತೆ! ಒಂಬತ್ತು! ಎಲ್ಲಾ ದೊಡ್ಡ ದೊಡ್ಡ ಮನುಷ್ಯ ಅಂತೆ."

"ನನಗ ಮದವೀನ ಆಗಿಲ್ಲ ಅಂದ್ಲಲ್ರಿ."

"ಸೈಬಾ! ಆಗಲಿಲ್ಲ ಅಂದ್ರೆ ಒಂಬತ್ತು ಹೇಗೆ ಗೊ?" ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿ, ಕೈಯಲ್ಲಿದ್ದ ಬಂಗಡೆಯೊಂದಿಗೆ ನಕ್ಕರು.

ಹೀಗೆ ಎಲ್ಲವೂ ನನ್ನೊಳಗೆ ಒಂದೊಂದೇ ಜಮೆಯಾಗುತ್ತಿರುವಾಗ ಜುಲೈಯಲ್ಲಿ ಪಾಟೀಲರು ಬಂದರು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ನವೆಂಬರಿನ ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದಿತ್ತು. ಗೋವೆಯಲ್ಲಿ ನೆಲೆಸಿದ ಹಿರಿಯ ಕನ್ನಡಿಗರ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಪುಟ, ಬರೆಯುವ ಕೆಲಸ ನನ್ನದು. ಅಕ್ಷರ ಚೆನ್ನ, ವೇಳೆಯೂ ಇದೆ ಎಂಬುದು ಅವರ ಲೆಕ್ಕ. ಕೆಳಗಿನ ಕೋಣೆಯಲ್ಲಿ ಪಿಕ್ಚರಿನ ಮುದುಕಿ ಇದ್ದಾಳೆಂದು ಕೇಳಿ ಅವರಿಗೆ ಹಿಗ್ಗೋ ಹಿಗ್ಗು; ಕೆಳಗಿಳಿದು ಅವಳನ್ನು ಮಾತಾಡಿಸಿಯೇ ಹೋದರು. ಆ ದಿನ ಆಯಿಯ ತಲೆ ಎಂದಿಗಿಂತ ಬೆಳ್ಳಗಿತ್ತು. ಪಾಟೀಲರು ಹೋದ ಮೇಲೆ ಅವಳು ಮಹಡಿ ಹತ್ತಿ ಬಂದಳು. ಮೊದಲ ಸಲ ಮೇಲೆ ಬಂದದ್ದು.

"ಬಾಯಾರ, ಇಪ್ಪತ್ತಾರು ಪಿಕ್ಚರ್ ಮಾಡೀನಿ. ಒಂದರಾಗೂ ನನ್ನ ಹೆಸರ ಬಿದ್ದಿಲ್ಲ. ಕಡೀಕ ಮತ್ತು ಇತರರು ಅಂತ ಬರತಿತ್ತಲ್ರಿ? ಆ ಇತರರು ನಾನಽ. ನನಗ ಓದಾಕ ಬರೂದಿಲ್ಲ. ಆದ್ರ ನನ್ನ ಹೆಸರಿನ ಆಕಾರ ಗೊತ್ತೈತಿ, ಸಹಿ ಮಾಡಾಕ ಕಲ್ತೀನಿ. ಸಾಯೂದರಾಗ ಒಮ್ಮೆ ಅದನ್ನ ಪುಸ್ತಕದಾಗ ನೋಡಬೇಕು. ನಾಲ್ಕ ಮಂದಿ ಮನ್ಯಾಗ ಅದು ಇರಬೇಕು. ಅಷ್ಟ ನೋಡ್ರಿ."

"ಯಾವ ಪಾರ್ಟು ಮಾಡೀರಿ ಆಯಿ?"

ಇಷ್ಟು ಕೇಳಿದ್ದೇ ನನ್ನ ಮಟ್ಟಿಗೆ ದೊಡ್ಡ ಧೈರ್ಯ. ಅವಳು ಒಂದು ಪಿಕ್ಚರಿನ ಹೆಸರು ಹೇಳಿ ತುಟಿ ಬಿಗಿದು ನಕ್ಕಳು.

"ಹುಡುಕ್ರಿ. ಹತ್ತೊಂಬತ್ತರ ಹುಡುಗಿ ಇದ್ದೆ ಆವಾಗ. ಸಿಕ್ಕರ ನೀವು ಶ್ಯಾಣ್ಯಾರು."

ಸುಳ್ಳು ಹೇಳುವವರು ಹೀಗೇ ಮಾತು ತೇಲಿಸುತ್ತಾರೆ ಎಂದುಕೊಂಡೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಆ ಮಳೆಗಾಲವೇ ಬೇರೆಯಾಗುತ್ತಿತ್ತು. ಕೇಳಲಿಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದೆ.

ಅವಳು ಪಾಟೀಲರ ಕೈಗೆ ಕೊಟ್ಟಿದ್ದ ಫೋಟೋ ನನ್ನ ಬಳಿ ಬಂತು. ದಪ್ಪ ರಟ್ಟು, ಅಂಚು ಕತ್ತರಿಸಿದ ಎಲೆಯಂತೆ ಹಲ್ಲು ಹಲ್ಲು, ಹಿಂದೆ ಕೊಲ್ಹಾಪುರದ ಸ್ಟುಡಿಯೋ ಒಂದರ ಮಸುಕಾದ ಶಿಕ್ಕೆ. ರಟ್ಟಿನ ಬಣ್ಣ ಅರಿಸಿನ. ಚಿತ್ರದಲ್ಲಿರುವವಳು ಬಿಳಿಗೂದಲ, ಸುಕ್ಕು ಹಣೆಯ, ಎಪ್ಪತ್ತು ದಾಟಿದ ಮುದುಕಿ. ಅಗಲ ದವಡೆ. ನಾನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ಫೋಟೋಕ್ಕೆ ಕಡಿಮೆ ಅಂದರೂ ಅರವತ್ತು ವರ್ಷ. ಅದರೊಳಗಿನವಳಿಗೆ ಎಪ್ಪತ್ತು ವರ್ಷ. ಇವಳಾಗಿದ್ದರೆ ಈಗ ನೂರಾ ಮೂವತ್ತಾಗಬೇಕಿತ್ತು!

ಪಾಟೀಲರು ಮತ್ತೆ ಬಂದಾಗ ಈ ಲೆಕ್ಕ ಒಪ್ಪಿಸಿದೆ. "ಇದು ಅವರ ಅವ್ವಂದು ಇರಬೇಕು. ಆಕಿ ನಟಿ ಇದ್ದಿರಬಹುದು, ಇವರಲ್ಲ. ಇವರು ತಲಿಗೆ ಬಿಳಿ ಬಳಕೊಂಡು ಅವ್ವನಂಗ ಕಾಣಾಕ ನೋಡಾಕತ್ತಾರ."

ಪಾಟೀಲರು ತೊಡೆ ತಟ್ಟಿದರು. "ಭಲೇ ಬಾಯಾರ! ಕಾನ್ವೆಂಟ್ ತಲಿ ಅಂದ್ರ ತಲಿ. ನಾ ಅಂತೂ ಮಾಲಿ ಹಾಕಾಕಽ ನಿಂತಿದ್ದೆ. ಆದ್ರೂ ಒಮ್ಮೆ ಆ ಪಿಕ್ಚರ್ ನೋಡಿಬಿಡ್ರಿ. ಹಿರ್ಯಾರ ಮಾತು, ಪಾಪ ಬ್ಯಾಡ."

ಆ ಹೊಗಳಿಕೆ ನನಗೆ ಎಷ್ಟು ದಿನ ಸಾಕಾಯಿತೋ! ಒಗ್ಗರಣೆ ಹಾಕುವಾಗಲೂ ಅದನ್ನೇ ನೆನೆಯುತ್ತಿದ್ದೆ.

ಆಗಸ್ಟಿನಲ್ಲಿ ನಮ್ಮವರು ಮದುವೆಗೆಂದು ಹುಬ್ಬಳ್ಳಿಗೆ ಹೋದವರು ಹಳೆಯ ಸಿನಿಮಾಗಳ ಅಂಗಡಿಯಲ್ಲಿ ಹುಡುಕಿ ಆ ಪಿಕ್ಚರಿನ ಸಿಡಿ ತಂದರು. "ತಗೋ ನಿನ್ನ ಸಾಕ್ಷಿ. ನಿನ್ನನ್ನ ಬಂದರಿನ ಪೊಲೀಸ್ ಚೌಕಿ ಕೆಲಸಕ್ಕ ಹಾಕಬೇಕಾಗಿತ್ತು" ಎಂದು ನಕ್ಕರು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಮಡಿಲಲ್ಲಿ ಕಾಗದ ಪೆನ್ನು ಇಟ್ಟುಕೊಂಡು ಕೂತೆ. ತೆರೆಯ ಮೇಲೂ ಮಳೆಯಂಥ ಗೆರೆಗಳು, ಹೊರಗೂ ಮಳೆ. ಹತ್ತೊಂಬತ್ತರ ಹುಡುಗಿಯರನ್ನೆಲ್ಲ ಬರೆದುಕೊಂಡೆ. ನಾಯಕಿ, ಮೂಗು ಚಿಕ್ಕದು, ಅಲ್ಲ. ನಾಯಕಿಯ ಗೆಳತಿ, ಎತ್ತರ ಸಾಲದು. ನೀರು ತರುವ ನಾಲ್ವರು, ಒಬ್ಬರ ದವಡೆಯೂ ಅಗಲವಿಲ್ಲ. ಕುಣಿಯುವವರಲ್ಲೂ ಇಲ್ಲ. ನಡುವೆ ನಾಯಕನ ಕಣ್ಣು ಕಾಣದ ಮುದಿ ತಾಯಿ ಮಗನ ಹೆಸರು ಕರೆಯುತ್ತ ಸಾಯುವ ಭಾಗ ಬಂತು. ಪೆನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡೆ. ಒರೆಸಿಕೊಂಡು ಮತ್ತೆ ಹುಡುಗಿಯರನ್ನು ಹುಡುಕಿದೆ.

ಆಯಿ ಮೆಟ್ಟಿಲ ಬಳಿ ಕಾದಿದ್ದಳು. ಟಿವಿಯ ಹಾಡು ಅವಳಿಗೆ ಕೇಳಿಸಿತ್ತು.

"ಸಿಕ್ಕೆನೇನ್ರಿ?"

"ಇಲ್ಲ ಆಯಿ. ಎಲ್ಲಾರ ಮುಖಾನೂ ನೋಡಿದೆ. ಸಿಗಲಿಲ್ಲ."

ಅವಳ ಮುಖ ಅರಳಿತು. ಹೊಟ್ಟೆ ತುಂಬ ಉಂಡವರ ತೃಪ್ತಿ. "ಸಿಗಲಿಲ್ಲ? ಖರೇನ ಸಿಗಲಿಲ್ಲ?" ಎಂದು ಎರಡು ಸಲ ಕೇಳಿ, ನಗುತ್ತ, ಬೆರಳ ಹಿಂಬದಿಯಿಂದ ಗೋಡೆ ಸವರುತ್ತ ಕೋಣೆಗೆ ಹೋದಳು. ಸುಳ್ಳು ಸಿಕ್ಕಿಬಿದ್ದ ಮೇಲೂ ನಗುವುದೆಂದರೆ! ನನ್ನಲ್ಲಿ ಉಳಿದಿದ್ದ ಚೂರು ಕನಿಕರವೂ ಹೋಯಿತು. ಆ ಪುಟ ಬೇಡವೆಂದು ಪಾಟೀಲರಿಗೆ ಹೇಳಿಕಳಿಸಿದೆ. ಅವಳಿಗೆ ಹೇಳಲಿಲ್ಲ. ದಿನಾ ಕೇಳುತ್ತಿದ್ದಳು, "ಅಚ್ಚಿಗೆ ಹೋತೇನ್ರಿ?" ನಾನು "ಹೊಂಟದ ಆಯಿ" ಎನ್ನುತ್ತಿದ್ದೆ. ಆ ಮಳೆಗಾಲದಲ್ಲಿ ಸುಳ್ಳು ಹೇಳಿದವಳು ಯಾರು ಎಂದು ಈಗ ಯಾರೂ ನನ್ನನ್ನು ಕೇಳದಿದ್ದರೆ ಸಾಕು.

ದಸರೆಗೆ ಮೊದಲೇ ಸಾಂಖಳಿಯ ಮಾಡು ಮುಗಿದು, ಟೆಂಪೋ ಬಂದು ಅವಳನ್ನು ಕರೆದೊಯ್ದಿತು. ಹೊರಡುವಾಗ ನನ್ನ ಗಲ್ಲ ಹಿಡಿದು, "ಪುಸ್ತಕ ಬಂದ ಕೂಡ್ಲೆ ಕಳಸ್ರಿ ಮತ್ತ" ಎಂದಳು.

ಅಕ್ಟೋಬರಿನಲ್ಲಿ ಬಿಸಿಲು ಬಿತ್ತು. ಒಂದು ದಿನ ರಾಶಿ ಬಟ್ಟೆ ಇಸ್ತ್ರಿ ಮಾಡುವುದಿತ್ತು. ಬೇಸರಕ್ಕೆ ಅದೇ ಸಿಡಿ ಹಾಕಿದೆ, ಹಾಡುಗಳು ಇಂಪಾಗಿದ್ದವು. ಈ ಸಲ ಯಾರನ್ನೂ ಹುಡುಕುತ್ತಿರಲಿಲ್ಲ. ಮಗಳ ಯೂನಿಫಾರ್ಮಿನ ಕಾಲರು ತಿದ್ದುತ್ತ ತಲೆ ಎತ್ತಿದೆ. ಕಣ್ಣು ಕಾಣದ ಮುದುಕಿ ಒಳಗಿನಿಂದ ಪಡಸಾಲೆಗೆ ಬರುತ್ತಿದ್ದಳು. ಒಂದು ಕಾಲು ಎಳೆಯುತ್ತ. ಗೋಡೆಗುಂಟ. ಬೆರಳುಗಳ ಹಿಂಬದಿಯಿಂದ, ಕೂಸಿನ ಕೆನ್ನೆ ಸವರಿದಂತೆ.

ಯೂನಿಫಾರ್ಮಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಕಲೆ ಉಳಿಯಿತು.

ಮರುದಿನವೇ ಫೋಟೋ ತೆಗೆದುಕೊಂಡು ಸಾಂಖಳಿಯ ಬಸ್ಸು ಹಿಡಿದೆ. ಪಣಜಿಯಲ್ಲಿ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿದ್ದೆ. ಹೋಗಿ ನಿಂತಾಗ ಬಾಯಿಗೆ ಬಂದದ್ದು ಒಂದೇ.

"ಆಯಿ, ಸಿಕ್ಕಿರಿ."

ಆಯಿ ಅಕ್ಕಿ ಆರಿಸುತ್ತಿದ್ದಳು. ತಲೆಗೆ ಸಫೇತ ಇರಲಿಲ್ಲ. ಅರ್ಧಕ್ಕರ್ಧ ಕಪ್ಪು ಕೂದಲು. ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಎಲ್ಲಿ ಸಿಕ್ಕೆ?"

"ಪಡಸಾಲ್ಯಾಗ. ಗೋಡಿ ಹಿಡಕೊಂಡು ಬರತೀರಲ್ಲ, ಅಲ್ಲಿ."

"ಗೋಡಿ ಅಲಗಿತೇನು?"

ನನಗೆ ಅರ್ಥವಾಗಲಿಲ್ಲ. ಅವಳು ಹೆದರಿದವಳಂತೆ ಮತ್ತೆ ಕೇಳಿದಳು. "ಗೋಡಿ ಅಲಗಿದ್ದು ಕಾಣತೈತೇನ್ರಿ ಅದರಾಗ?"

"ಇಲ್ಲ ಆಯಿ. ಯಾಕ ಅಲಗತೈತಿ?"

ಆಗ ಹೇಳಿದಳು. ಮುದುಕಿಯ ಪಾರ್ಟಿಗೆಂದು ಗೊತ್ತುಮಾಡಿದ್ದ ಹೆಂಗಸು ಜ್ವರ ಬಂದು ಮಲಗಿದ್ದಕ್ಕೆ, ನಾಟಕ ಕಂಪನಿಯ ಜೊತೆ ಹೋಗಿದ್ದ ಇವಳ ದಪ್ಪ ದನಿ ಕೇಳಿ ಹತ್ತೊಂಬತ್ತರ ಹುಡುಗಿಯನ್ನೇ ಕೂರಿಸಿ, ಕೂದಲಿಗೆ ಎಣ್ಣೆಯಲ್ಲಿ ಕಲಸಿದ ಸಫೇತ ಬಳಿದು, ಹಣೆಗೆ ಗೆರೆ ಎಳೆದರಂತೆ. ಸ್ಟುಡಿಯೋದ ಗೋಡೆಯೆಂದರೆ ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಗೋಣಿತಟ್ಟು, ಅದರ ಮೇಲೆ ಬಣ್ಣ. ಮೊದಲ ಸಲ ಅಂಗೈ ಊರಿದಳು. ಇಡೀ ಮನೆ ಅಲುಗಾಡಿತು. ಫಿಲ್ಮು ದಂಡವಾಯಿತೆಂದು ಡೈರೆಕ್ಟರು ಎಲ್ಲರೆದುರು ಕೂಗಾಡಿದ.

"ಕಣ್ಣ ಕಾಣದ ಮುದುಕಿ ಗೋಡಿ ಹಿಡೀಲಿಕ್ಕಽ ಬೇಕು. ಹಿಡದ್ರ ಗೋಡಿ ಅಲಗತೈತಿ. ಏನ್ ಮಾಡ್ಲಿ? ಬೆರಳ ಹಿಂದಿನ ಮಗ್ಗಲಾ ತಾಗಿಸಿದೆ. ಹಿಡದಂಗೂ ಕಂಡೀತು, ಭಾರಾನೂ ಬೀಳೂದಿಲ್ಲ. ಅಂದಿನಿಂದ ಯಾವ ಗೋಡೀನೂ ನಂಬಿಲ್ಲ ನಾ. ಒಮ್ಮೆ ಮುದುಕಿ ಆದಮ್ಯಾಲೆ ಬಾಯಾರ, ಯಾರೂ ನನ್ನನ್ನ ಹೊಳ್ಳಿ ಹುಡುಗಿ ಮಾಡಲಿಲ್ಲ. ಇಪ್ಪತ್ತಾರರಾಗೂ ಅವ್ವ, ಅತ್ತಿ, ಸೂಲಗಿತ್ತಿ. ಒಂಬತ್ತು ಮಂದಿ ಹೀರೋಗಳನ್ನ ಹಡದೇನಿ, ಎಲ್ಲಾರೂ ನನಗಿಂತ ವಯಸ್ಸಿಗೆ ದೊಡ್ಡಾವರು!"

"ಆದ್ರ ಈಗ ಯಾಕ್ರಿ ಆ ಸಫೇತ?"

"ಎಂಬತ್ತನಾಲ್ಕು ಅಂದ್ರ ಈ ಕರೀ ತಲಿ ನೋಡಿ ಯಾರ ನಂಬ್ತಾರ? ಮುದುಕಿ ಹ್ಯಾಂಗಿರಬೇಕಂತ ನನಗ ಗೊತ್ತೈತಲ್ಲ."

ಆಮೇಲೆ ದನಿ ಇಳಿಸಿ ಕೇಳಿದಳು. "ಪುಸ್ತಕ?"

ಹೇಳಿಬಿಟ್ಟೆ. ನಂಬಲಿಲ್ಲ ಎಂದೆ, ಪುಟ ತೆಗೆಸಿದವಳು ನಾನೇ ಎಂದೆ, ಅಚ್ಚು ಮುಗಿದಿದೆ ಎಂದೆ. ಅವಳು ಮೊರ ಎತ್ತಿಕೊಂಡು ಅಕ್ಕಿ ಆರಿಸತೊಡಗಿದಳು. ಒಂದೊಂದೇ ಕಲ್ಲು, ಒಂದೊಂದೇ ಕಲ್ಲು. ನಾನು ಬಸ್ಸಿಗೆ ಹೊರಡುವವರೆಗೂ ತಲೆ ಎತ್ತಲಿಲ್ಲ.

ಪಾಟೀಲರ ಮನೆಯಲ್ಲಿ ಸಂಚಿಕೆಯ ಕಟ್ಟುಗಳು ಇನ್ನೂ ಬಿಚ್ಚದೆ ಬಿದ್ದಿದ್ದವು. ಮತ್ತೆ ಅಚ್ಚು ಹಾಕಿಸುವುದು ಆಗದ ಮಾತು. ಹಿರಿಯರ ಪುಟಗಳು ಮುಗಿದ ಕಡೆ ಒಂದು ಖಾಲಿ ಹಾಳೆ ಇತ್ತು. ಕಟ್ಟುಗಳನ್ನೆಲ್ಲ ನಮ್ಮ ಮನೆಗೆ ಹೊರಿಸಿದೆ. ಹತ್ತು ದಿನ, ಊಟದ ನಂತರ ಸಂಜೆಯ ಚಹಾದವರೆಗೆ, ಕಾನ್ವೆಂಟಿನಲ್ಲಿ ಗೆರೆ ಹೊಡೆದು ಕಲಿತ ದುಂಡು ಅಕ್ಷರದಲ್ಲಿ ಪ್ರತಿಯೊಂದರಲ್ಲೂ ಬರೆದೆ: ತುಂಗಾಬಾಯಿ, ಇಪ್ಪತ್ತಾರು ಚಲನಚಿತ್ರಗಳ ತಾಯಿ. ಕೆಳಗೆ ನಾಲ್ಕು ಸಾಲು, ಬರೆದವಳ ಸಹಿ. ಮುನ್ನೂರು ಪ್ರತಿ. ನಡುಬೆರಳಿನ ಮೇಲೆ ಕಟ್ಟಿದ ಗಂಟು ಸಂಕ್ರಾಂತಿಯವರೆಗೂ ಹೋಗಲಿಲ್ಲ.

ರಾಜ್ಯೋತ್ಸವ ಮುಗಿದ ವಾರ ಅವಳ ಪ್ರತಿ ಹಿಡಿದು ಹೋದೆ. ಹೆಸರಿನ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬೀತು ಎಂದು ನಾನು ಕಾದೆ. ಅವಳು ನನ್ನತ್ತ ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ ನೋಟ.

"ಇದು ಅಚ್ಚಲ್ಲ. ಕೈಲೆ ಬರದದ್ದು."

"ಹೌದ್ರಿ. ನಾನಽ ಬರದೆ."

"ಎಲ್ಲಾ ಪುಸ್ತಕದಾಗೂ ಐತೇನು? ಇಲ್ಲಾ ಮುದುಕೀಗೆ ಸಮಾಧಾನ ಆಗ್ಲಿ ಅಂತ ಇದೊಂದರಾಗ ಬರದೀರೇನು?"

ಮುನ್ನೂರರಲ್ಲೂ ಇದೆ ಎಂದೆ. ಅವಳು "ಹೂಂ" ಎಂದಳು. ನಾಲ್ಕು ತಿಂಗಳು ನಾನು ಅವಳಿಗೆ ಅಂದಿದ್ದ "ಹೂಂ" ಅದೇ. ಒಳಗೆ ಏನೂ ಇಲ್ಲದ್ದು.

ಮುಂದಿನ ಗುರುವಾರ ಚೀಲ ಹೊತ್ತು ಮತ್ತೆ ಹೋದೆ. ಊರೆಲ್ಲ ಅಲೆದು ಜನರ ಮನೆಗಳಿಂದ ಕೇಳಿ ತಂದ ಐದು ಪ್ರತಿಗಳು. ಪಾಟೀಲರದು, ಅವರ ಹೆಸರಿನ ಶಿಕ್ಕೆ ಒತ್ತಿದ್ದು. ಕನ್ನಡ ಓದಲು ಬಾರದ ಫಿಲೋಮಿನಾ ಬಾಯಿಯದು, ಮೇಲೆ ಮೀನಿನ ಎಣ್ಣೆಯ ಕಲೆ. ಒಂದರಲ್ಲಿ ಯಾರದೋ ಕೂಸು ಹಿರಿಯರಿಗೆಲ್ಲ ಮೀಸೆ ಬರೆದಿತ್ತು. ಇನ್ನೊಂದು ಬಿಸಿ ಪಾತ್ರೆ ಇಟ್ಟು ಸುಟ್ಟದ್ದು. ಮತ್ತೊಂದರ ಹೊದಿಕೆಯೇ ಹರಿದಿತ್ತು. ನಾನೇ ಕೂತು ಸೃಷ್ಟಿಸಲಾರದಂಥ ಪುಸ್ತಕಗಳು.

ಆಯಿ ನೆಲದ ಮೇಲೆ ಐದನ್ನೂ ಸಾಲಾಗಿ ಬಿಡಿಸಿಟ್ಟಳು. ತನ್ನದನ್ನೂ ತಂದು ಪಕ್ಕದಲ್ಲಿಟ್ಟಳು. ಒಂದರ ಹೆಸರಿನ ಮೇಲೆ ಬೆರಳಿಟ್ಟು ಇನ್ನೊಂದಕ್ಕೆ ಹೋಲಿಸಿದಳು, ಅಲ್ಲಿಂದ ಮುಂದಿನದಕ್ಕೆ. ಮೂರನೆಯದರಲ್ಲಿ ನಾನು ಒಂದು ಕೊಂಬು ತಪ್ಪಿಸಿ ಆಮೇಲೆ ಸೇರಿಸಿದ್ದನ್ನೂ ಹಿಡಿದಳು. "ಇಲ್ಲಿ ತಪ್ಪೀರಿ" ಎಂದಳು. ಹೌದು ಎಂದೆ. ಬಹಳ ಹೊತ್ತು ಹಿಡಿಯಿತು. ಅಂಗಳದಲ್ಲಿ ಕಟ್ಟಿದ ಕರು ಎರಡು ಸಲ ಕೂಗಿತು.

ಕೊನೆಯ ಪುಸ್ತಕ ಮುಚ್ಚಿ, ಕಾಲು ನೀಡಿ, ಆಯಿ ನಿಧಾನವಾಗಿ ಹಿಂದಕ್ಕೆ ಸರಿದಳು. ಮೊದಲು ಅಂಗೈ. ಆಮೇಲೆ ಬೆನ್ನು. ಕಡೆಗೆ ತಲೆ. ಮೈಭಾರವೆಲ್ಲ ಗೋಡೆಗೆ ಬಿಟ್ಟು ಕಣ್ಣು ಮುಚ್ಚಿದಳು.